ಶಾಸ್ತ್ರದಾನಿ ಶೇಠ್ ಪ್ರೇಮಚಂದ ರಾಯಚಂದ

ಜಿನಧರ್ಮದಲ್ಲಿ ಗೃಹಸ್ಥನಿಗೆ ವಿಧಿಸಿರುವ ಷಟ್ಕರ್ಮಗಳಲ್ಲಿ ದಾನವೂ ಒಂದು. ಆ ದಾನವು ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ನಾಲ್ಕು ಬಗೆ. ಹಸಿದವನಿಗೆ ಇತ್ತ ಅನ್ನವು ಆ ಹೊತ್ತಿನ ಹಸಿವನ್ನು ನೀಗುತ್ತದೆ. ರೋಗಿಗೆ ಇತ್ತ ಮದ್ದು ಆ ರೋಗವನ್ನು ಕಳೆಯುತ್ತದೆ. ಜ್ಞಾನವನ್ನು ಬಯಸಿ ಬಂದವನಿಗೆ ಇತ್ತ ಶಾಸ್ತ್ರವಾದರೋ ಪಡೆದವನಲ್ಲಿ ಮಾತ್ರ ನಿಲ್ಲದೆ ಅವನಿಂದ ಇನ್ನೊಬ್ಬನಿಗೆ, ಅವನಿಂದ ಮತ್ತೊಬ್ಬನಿಗೆ ಹರಿಯುತ್ತದೆ. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದುದನ್ನು ಕನ್ನಡ ನಾಡಿನ ಶ್ರಾವಕರು ಇಂದಿಗೂ ನೆನೆಯುತ್ತಾರೆ. ಬಸದಿಗಳನ್ನು ಕಟ್ಟಿಸಿದ ಕೈಯೇ ಓಲೆಗರಿಗಳನ್ನೂ ಬರೆಯಿಸಿತು.

ಅತ್ತಿಮಬ್ಬೆಯ ಕಾಲದಿಂದ ಸುಮಾರು ಒಂಬತ್ತು ಶತಮಾನಗಳು ಕಳೆದ ಮೇಲೆ, ಸೂರತ್ತಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ಒಬ್ಬ ಜೈನ ವರ್ತಕನು ಅದೇ ಶಾಸ್ತ್ರದಾನವನ್ನು ಆಧುನಿಕ ಕಾಲಕ್ಕೆ ತಕ್ಕ ರೂಪದಲ್ಲಿ ನೆರವೇರಿಸಿದನು. ಆತನು ಇತ್ತ ಹಣದಿಂದ ಒಂದು ವಿಶ್ವವಿದ್ಯಾನಿಲಯಕ್ಕೆ ಗ್ರಂಥಾಲಯವೂ ಗೋಪುರವೂ ದೊರೆತವು; ಇನ್ನೊಂದು ವಿಶ್ವವಿದ್ಯಾನಿಲಯದಲ್ಲಿ ತಲೆಮಾರುಗಳ ವಿದ್ವಾಂಸರಿಗೆ ವಿದ್ಯಾರ್ಥಿವೇತನ ದೊರೆಯಿತು. ಆ ಮಹನೀಯರೇ ಶೇಠ್ ಪ್ರೇಮಚಂದ ರಾಯಚಂದರು. ಅವರ ಜೀವನವು ಏಳು-ಬೀಳುಗಳಿಂದ ಕೂಡಿದ್ದು, ವ್ಯಾಪಾರಸ್ಥರಾದ ಶ್ರಾವಕರು ಮನನ ಮಾಡಬೇಕಾದ ಅನೇಕ ವಿಷಯಗಳನ್ನು ಒಳಗೊಂಡಿದೆ.

ಜನನ ಮತ್ತು ವೃತ್ತಿಪ್ರವೇಶ

ಪ್ರೇಮಚಂದರು 1831ರಲ್ಲಿ ಗುಜರಾತಿನ ಸೂರತ್ತಿನಲ್ಲಿ ಒಂದು ಶ್ವೇತಾಂಬರ ಜೈನ ಕುಟುಂಬದಲ್ಲಿ ಜನಿಸಿದರು. ತಂದೆ ರಾಯಚಂದ ದೀಪಚಂದರು, ತಾಯಿ ರಾಜಾಬಾಯಿ. ಒಂದು ಕಾಲಕ್ಕೆ ಪಶ್ಚಿಮ ಕರಾವಳಿಯ ಹಿರಿಯ ಬಂದರಾಗಿದ್ದ ಸೂರತ್ತು ಆ ವೇಳೆಗಾಗಲೇ ತನ್ನ ವೈಭವವನ್ನು ಮುಂಬಯಿಗೆ ಬಿಟ್ಟುಕೊಡುತ್ತಿತ್ತು. ಅನೇಕ ವರ್ತಕ ಕುಟುಂಬಗಳಂತೆ ರಾಯಚಂದರ ಕುಟುಂಬವೂ ಮುಂಬಯಿಗೆ ಬಂದು ನೆಲಸಿತು. ಬಾಲಕ ಪ್ರೇಮಚಂದರಿಗೆ ಅಲ್ಲಿ ಇಂಗ್ಲಿಷ್ ವಿದ್ಯಾಭ್ಯಾಸವು ಲಭಿಸಿತು.

ಇಪ್ಪತ್ತರ ಹರೆಯದ ಆಸುಪಾಸಿನಲ್ಲಿ ಅವರು ರತನಚಂದ ಲಾಲಾ ಎಂಬ ಹೆಸರಾಂತ ದಲ್ಲಾಳಿಗಳ ಬಳಿ ಸಹಾಯಕರಾಗಿ ಸೇರಿದರು. ಆಗಿನ ಮುಂಬಯಿಯಲ್ಲಿ ಬ್ಯಾಂಕುಗಳ ವ್ಯವಹಾರವೂ ಷೇರುಗಳ ವ್ಯವಹಾರವೂ ಆಂಗ್ಲ ಅಧಿಕಾರಿಗಳ ಕೈಯಲ್ಲಿದ್ದವು. ದೇಶೀಯ ದಲ್ಲಾಳಿಗಳಲ್ಲಿ ಇಂಗ್ಲಿಷನ್ನು ಓದಿ, ಬರೆದು, ಮಾತನಾಡಬಲ್ಲವರಲ್ಲಿ ಪ್ರೇಮಚಂದರೇ ಮೊದಲಿಗರೆಂದು ಹೇಳಲಾಗುತ್ತದೆ. ಎಷ್ಟೇ ದೊಡ್ಡ ವ್ಯವಹಾರವಾದರೂ ಕಾಗದ ಲೇಖನಿಗಳ ಹಂಗಿಲ್ಲದೆ ಮನಸ್ಸಿನಲ್ಲಿಯೇ ಲೆಕ್ಕವಿಡಬಲ್ಲ ಸ್ಮರಣಶಕ್ತಿ ಅವರದಾಗಿತ್ತೆಂದು ಪ್ರತೀತಿಯಿದೆ. 1858ರ ವೇಳೆಗೆ ಅವರ ಸಂಪತ್ತು ಒಂದು ಲಕ್ಷ ರೂಪಾಯಿಗಳನ್ನು ಮುಟ್ಟಿತ್ತು. ಆಗ ಅವರಿಗೆ ಮೂವತ್ತು ವರ್ಷಗಳೂ ತುಂಬಿರಲಿಲ್ಲ. ಕಲಿತ ವಿದ್ಯೆಯೊಂದು ಬಾಳಿನಲ್ಲಿ ಏನನ್ನು ಮಾಡಬಲ್ಲದು ಎಂಬುದನ್ನು ಅವರು ತಮ್ಮ ಅನುಭವದಿಂದಲೇ ಅರಿತಿದ್ದರು.

ಹತ್ತಿಯ ಸಿರಿ

1861ರಲ್ಲಿ ಅಮೆರಿಕೆಯ ಉತ್ತರ ದಕ್ಷಿಣ ಸಂಸ್ಥಾನಗಳ ನಡುವೆ ಅಂತರ್ಯುದ್ಧವು ಆರಂಭವಾಯಿತು. ಇಂಗ್ಲೆಂಡಿನ ಲ್ಯಾಂಕಷೈರಿನ ಗಿರಣಿಗಳು ನೂಲುತ್ತಿದ್ದ ಹತ್ತಿಯಲ್ಲಿ ಬಹುಪಾಲು ದಕ್ಷಿಣ ಸಂಸ್ಥಾನಗಳಿಂದಲೇ ಬರುತ್ತಿದ್ದಿತು. ಉತ್ತರದವರ ನೌಕಾಪಡೆಯು ಆ ಬಂದರುಗಳಿಗೆ ದಿಗ್ಬಂಧನವನ್ನು ಹಾಕಿತು. ಲಿವರ್‌ಪೂಲಿನ ವರ್ತಕರು ಹತ್ತಿಗಾಗಿ ಭಾರತದ ಕಡೆಗೆ ತಿರುಗಿದರು. ಮುಂಬಯಿಯಲ್ಲಿ ಹತ್ತಿಯ ಬೆಲೆಯು ವರ್ಷದಿಂದ ವರ್ಷಕ್ಕೆ ಏರಿ ಹಿಂದೆಂದೂ ಕಾಣದ ಮಟ್ಟವನ್ನು ಮುಟ್ಟಿತು.

ಈ ಏರಿಕೆಯ ಅಲೆಯು ಕನ್ನಡ ನಾಡಿಗೂ ತಾಗಿತು. ಧಾರವಾಡ ಸೀಮೆಯ ಕರಿಮಣ್ಣಿನಲ್ಲಿ ಬೆಳೆದ ಹತ್ತಿಯು ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರನ್ನು ಸೇರಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿದ್ದಿತು. ಹತ್ತಿಯ ಪೇಟೆಯಲ್ಲಿ ಅದರ ಒಂದು ತಳಿಗೆ ಕುಮಟಾ ಎಂದೇ ಹೆಸರು ನಿಂತಿತು. ಅಮೆರಿಕೆಯ ಬೀಜದಿಂದ ಅದೇ ಸೀಮೆಯಲ್ಲಿ ಬೆಳೆದ ಇನ್ನೊಂದು ಬಗೆಯು ಧಾರವಾಡ ಅಮೆರಿಕನ್ ಎಂದು ಪ್ರಸಿದ್ಧವಾಯಿತು. ಹೀಗೆ ಪ್ರೇಮಚಂದರ ಕಾಲದ ಮುಂಬಯಿಯನ್ನು ತುಂಬಿದ ಐಶ್ವರ್ಯದಲ್ಲಿ ಕನ್ನಡ ರೈತನ ಬೆವರಿನ ಪಾಲೂ ಇತ್ತೆಂಬುದನ್ನು ಮರೆಯಲಾಗದು.

ಯುದ್ಧವು ನಡೆದ ಆ ನಾಲ್ಕೈದು ವರ್ಷಗಳಲ್ಲಿ ಮುಂಬಯಿಗೆ ಎಂದಿನ ಆದಾಯಕ್ಕಿಂತ ಹೆಚ್ಚಾಗಿ ಏಳೆಂಟು ಕೋಟಿ ಪೌಂಡುಗಳಷ್ಟು ಹಣವು ಹರಿದುಬಂದಿತೆಂದು ಆ ಕಾಲದ ಲೆಕ್ಕಗಳು ಹೇಳುತ್ತವೆ. ಅಷ್ಟೊಂದು ಹಣಕ್ಕೆ ನೆಲೆ ಬೇಕಾಯಿತು. ದಿನಕ್ಕೊಂದು ಕಂಪನಿ, ವಾರಕ್ಕೊಂದು ಬ್ಯಾಂಕು ಹುಟ್ಟತೊಡಗಿತು. ಸಮುದ್ರವನ್ನು ತುಂಬಿ ನೆಲವನ್ನಾಗಿಸುವ ಬ್ಯಾಕ್‌ಬೇ ಕಂಪನಿಯ 5,000 ರೂ. ಮುಖಬೆಲೆಯ ಷೇರು 50,000 ರೂ.ಗಳವರೆಗೆ ಏರಿತು. ಈ ಎಲ್ಲ ಉದ್ಯಮಗಳ ನಡುವೆ ಪ್ರೇಮಚಂದರ ಹೆಸರು ಕೇಳಿಬರುತ್ತಿದ್ದಿತು. ಅವರು ಕೈಹಾಕಿದ ಷೇರು ಏರುತ್ತದೆಂಬ ನಂಬಿಕೆ ಊರಿಗೆ ಊರನ್ನೇ ಆವರಿಸಿತು. ಹೊಸ ಕಂಪನಿಯ ಷೇರುಗಳಲ್ಲಿ ತಮಗೊಂದು ಪಾಲು ದೊರೆಯಲೆಂದು ಹಿರಿಯ ಅಧಿಕಾರಿಗಳೂ ಅವರ ಮನೆಯ ಬಾಗಿಲಲ್ಲಿ ಕಾಯುತ್ತಿದ್ದರು. ಹತ್ತಿಯ ದೊರೆ, ಷೇರು ಪೇಟೆಯ ದೊರೆ ಎಂದು ಜನರು ಅವರನ್ನು ಕರೆದರು. ಆಗ ಅವರಿಗೆ ಮೂವತ್ತಮೂರು ವರ್ಷ.

ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ದಾನ

1857ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದವು. ಅವು ಆಗ ಪರೀಕ್ಷೆಗಳನ್ನು ನಡೆಸಿ ಪದವಿಗಳನ್ನು ಕೊಡುವ ಸಂಸ್ಥೆಗಳಾಗಿದ್ದವೇ ಹೊರತು ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ. ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಸ್ವಂತ ಕಟ್ಟಡವಾಗಲಿ ಗ್ರಂಥಾಲಯವಾಗಲಿ ಇರಲಿಲ್ಲ.

1864ರ ಆಗಸ್ಟ್ ತಿಂಗಳಿನಲ್ಲಿ ಪ್ರೇಮಚಂದರು ಗ್ರಂಥಾಲಯದ ಕಟ್ಟಡಕ್ಕಾಗಿ ವಿಶ್ವವಿದ್ಯಾನಿಲಯಕ್ಕೆ ಎರಡು ಲಕ್ಷ ರೂಪಾಯಿಗಳನ್ನು ಸಮರ್ಪಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ, ಆ ಗ್ರಂಥಾಲಯದೊಡನೆ ಒಂದು ಗಡಿಯಾರದ ಗೋಪುರವನ್ನು ಕಟ್ಟಿಸಲೆಂದು ಮತ್ತೆರಡು ಲಕ್ಷವನ್ನಿತ್ತರು. ಗೋಪುರಕ್ಕೆ ತಮ್ಮ ಹೆಸರನ್ನು ಇಡಿಸದೆ ತಾಯಿಯ ಹೆಸರನ್ನು ಇಡಬೇಕೆಂದು ಕೋರಿದರು. ತಾಯಿ ರಾಜಾಬಾಯಿಯವರು ಧರ್ಮನಿಷ್ಠರು. ರಾತ್ರಿಭೋಜನ ತ್ಯಾಗವನ್ನು ತಪ್ಪದೆ ಪಾಲಿಸುತ್ತಿದ್ದವರು. ವೃದ್ಧಾಪ್ಯದಲ್ಲಿ ದೃಷ್ಟಿಯು ಹೋದ ಮೇಲೆ ಸೂರ್ಯಾಸ್ತದ ಮೊದಲಿನ ಊಟಕ್ಕೆ ಹೊತ್ತು ತಿಳಿಯಲು ಪರರನ್ನು ಆಶ್ರಯಿಸಬಾರದೆಂದು ಮಗನು ಈ ಗಂಟೆಯ ಗೋಪುರವನ್ನು ಕಲ್ಪಿಸಿದನೆಂಬ ಮಾತು ಜನಜನಿತವಾಗಿದೆ. ಈ ಮಾತು ಬಾಯಿಂದ ಬಾಯಿಗೆ ಬಂದುದಾದರೂ ತಾಯಿಯ ಹೆಸರು ಗೋಪುರದ ಮೇಲೆ ನಿಂತಿರುವುದು ಪ್ರತ್ಯಕ್ಷ ಸತ್ಯ.

ಇಂಗ್ಲೆಂಡಿನ ಪ್ರಸಿದ್ಧ ಶಿಲ್ಪಿ ಸರ್ ಗಿಲ್ಬರ್ಟ್ ಸ್ಕಾಟ್ ಈ ಕಟ್ಟಡದ ನಕ್ಷೆಯನ್ನು ರಚಿಸಿದನು. 1869ರಲ್ಲಿ ಕೆಲಸವು ಆರಂಭವಾಗಿ 1878ರ ನವೆಂಬರಿನಲ್ಲಿ ಮುಗಿಯಿತು. ಗೋಪುರದ ಎತ್ತರ 280 ಅಡಿ. ಒಟ್ಟು ವೆಚ್ಚವು ಸುಮಾರು ಐದೂವರೆ ಲಕ್ಷ ರೂಪಾಯಿ. ಆ ಕಾಲದಲ್ಲಿ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಸೀಮೆಗಳ ಕನ್ನಡ ವಿದ್ಯಾರ್ಥಿಗಳಿಗೂ ಇದೇ ವಿಶ್ವವಿದ್ಯಾನಿಲಯವಾಗಿತ್ತು. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜು ಕೂಡ ಮುಂಬಯಿಗೆ ಸೇರಿದ್ದಿತು. ಸ್ವಾತಂತ್ರ್ಯಾನಂತರ ಕರ್ನಾಟಕ ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವವರೆಗೆ ಈ ಸೀಮೆಗಳ ಪದವೀಧರರಲ್ಲಿ ಬಹುಮಂದಿ ರಾಜಾಬಾಯಿ ಗೋಪುರದ ನೆರಳಿನ ವಿಶ್ವವಿದ್ಯಾನಿಲಯದಿಂದಲೇ ಪದವಿ ಪಡೆದವರು.

ಕುಸಿತ

1865ರ ಏಪ್ರಿಲಿನಲ್ಲಿ ಅಮೆರಿಕೆಯ ಯುದ್ಧವು ಕೊನೆಗೊಂಡಿತು. ಅಮೆರಿಕೆಯ ಹತ್ತಿಯು ಮತ್ತೆ ಲಿವರ್‌ಪೂಲಿಗೆ ಬರುವುದೆಂಬ ವಾರ್ತೆ ಮುಂಬಯಿಯನ್ನು ಮುಟ್ಟಿದೊಡನೆ ಹತ್ತಿಯ ಬೆಲೆಯು ಕುಸಿಯಿತು. ಹತ್ತಿಯ ಮೇಲೆ ನಿಂತಿದ್ದ ಷೇರುಗಳೂ, ಷೇರುಗಳ ಮೇಲೆ ನಿಂತಿದ್ದ ಬ್ಯಾಂಕುಗಳೂ ಒಂದರ ಹಿಂದೊಂದು ಉರುಳಿದವು. ಆ ವರ್ಷದ ಜುಲೈ 1ರಂದು ವಾಯಿದೆಯ ವ್ಯವಹಾರಗಳನ್ನು ತೀರಿಸಬೇಕಾಗಿದ್ದಿತು. ಕೊಳ್ಳುತ್ತೇವೆಂದು ಮಾತು ಕೊಟ್ಟವರ ಬಳಿ ಕೊಡಲು ಹಣವಿರಲಿಲ್ಲ. ಒಂದು ಕಾಲಕ್ಕೆ 2,850 ರೂ. ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು ಕೊನೆಗೆ 87 ರೂ.ಗೆ ಇಳಿಯಿತು. ಸರ್ಕಾರವೇ ಪಾಲುದಾರನಾಗಿದ್ದ ಆ ಬ್ಯಾಂಕನ್ನು 1868ರಲ್ಲಿ ಮುಚ್ಚಬೇಕಾಯಿತು.

ಪ್ರೇಮಚಂದರೂ 1866ರಲ್ಲಿ ದಿವಾಳಿಯಾದರು. ಅವರ ಕೋಟ್ಯಂತರ ರೂಪಾಯಿಗಳ ವ್ಯವಹಾರವು ಕಣ್ಣ ಮುಂದೆಯೇ ಕರಗಿಹೋಯಿತು.

ಇಲ್ಲಿ ಒಂದು ವಿಷಯವನ್ನು ಮರೆಮಾಚದೆ ಹೇಳುವುದು ಉಚಿತ. ಬ್ಯಾಂಕ್ ಆಫ್ ಬಾಂಬೆಯ ಮೇಲೆ ಪ್ರೇಮಚಂದರ ಪ್ರಭಾವವು ಬಹಳವಾಗಿದ್ದಿತು. ಷೇರುಗಳನ್ನೇ ಒತ್ತೆಯಿಟ್ಟುಕೊಂಡು ಆ ಬ್ಯಾಂಕು ಅವರಿಗೂ ಅವರು ಹೇಳಿದವರಿಗೂ ಅಪಾರ ಸಾಲವನ್ನು ಕೊಟ್ಟಿತ್ತು. ಬ್ಯಾಂಕಿನ ಪತನದ ಬಗ್ಗೆ ಸರ್ಕಾರವು ನೇಮಿಸಿದ ವಿಚಾರಣಾ ಆಯೋಗದ ಮುಂದೆ ಇವೆಲ್ಲವೂ ಬಯಲಿಗೆ ಬಂದವು. ಅವರ ಹೆಸರನ್ನು ನಂಬಿ ಹಣ ಹೂಡಿದ ಅನೇಕ ಸಾಮಾನ್ಯ ಕುಟುಂಬಗಳು ಬೀದಿಗೆ ಬಿದ್ದವು. ಶ್ರಾವಕನ ಗುಣಗಳನ್ನು ಎಣಿಸುವ ಗ್ರಂಥಗಳು ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲು ಹೇಳುತ್ತವೆ. ಪರಿಗ್ರಹಕ್ಕೆ ಒಂದು ಮಿತಿಯನ್ನು ಹಾಕಿಕೊಳ್ಳಬೇಕೆಂದು ಅಣುವ್ರತವು ವಿಧಿಸುತ್ತದೆ. ಆ ಮಿತಿಯು ತಪ್ಪಿದಾಗ ಎಂತಹ ಬುದ್ಧಿವಂತನ ವ್ಯಾಪಾರವೂ ಉಳಿಯದೆಂಬುದಕ್ಕೆ 1865ರ ಮುಂಬಯಿಯೇ ಸಾಕ್ಷಿ. ದಾನವು ಲೋಭದಿಂದಾದ ಹಾನಿಯನ್ನು ಇಲ್ಲವಾಗಿಸಲಾರದು. ಪ್ರೇಮಚಂದರನ್ನು ನೆನೆಯುವವರು ಅವರ ದಾನವನ್ನೂ ಈ ದೋಷವನ್ನೂ ಒಟ್ಟಿಗೆ ನೆನೆದರೆ ಮಾತ್ರ ಅವರ ಜೀವನದಿಂದ ಪೂರ್ಣವಾದ ಪಾಠವು ದೊರೆಯುತ್ತದೆ.

ಕಲ್ಕತ್ತೆಯ ವಿದ್ಯಾರ್ಥಿವೇತನ

ಹೀಗೆ ಅವರು ದಿವಾಳಿಯಾದ 1866ನೆಯ ವರ್ಷದಲ್ಲಿಯೇ ಅವರ ಇನ್ನೊಂದು ಮಹಾದಾನವೂ ನಡೆಯಿತೆಂಬುದು ಆಶ್ಚರ್ಯಕರ. ಮುಂಬಯಿಗೆ ಮಾತ್ರ ಕೊಟ್ಟು ತೃಪ್ತರಾಗದೆ ಅವರು ದೂರದ ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೂ ಎರಡು ಲಕ್ಷ ರೂಪಾಯಿಗಳನ್ನು ಇತ್ತರು. ವಿಶ್ವವಿದ್ಯಾನಿಲಯವು ಈ ಹಣದಿಂದ ಕಟ್ಟಡವನ್ನು ಕಟ್ಟಲಿಲ್ಲ. ಮೂಲಧನವನ್ನು ಮುಟ್ಟದೆ, ಅದರ ಬಡ್ಡಿಯಿಂದ ಉತ್ತಮ ಪದವೀಧರರಿಗೆ ವಿದ್ಯಾರ್ಥಿವೇತನವನ್ನು ಕೊಡುವ ಏರ್ಪಾಡನ್ನು ಮಾಡಿತು.

ಆ ಏರ್ಪಾಡಿನ ಲೆಕ್ಕವು ವರ್ತಕರಿಗೆ ಸುಲಭವಾಗಿ ತಿಳಿಯುವಂತಹುದು. ಎರಡು ಲಕ್ಷಕ್ಕೆ ನೂರಕ್ಕೆ ಐದರಂತೆ ವರ್ಷಕ್ಕೆ ಹತ್ತು ಸಾವಿರ ರೂಪಾಯಿ ಬಡ್ಡಿ. ಆರಂಭದ ನಿಯಮದಂತೆ ವರ್ಷಕ್ಕೆ ಒಬ್ಬ ಪದವೀಧರನ ಆಯ್ಕೆ. ಅವನಿಗೆ ಐದು ವರ್ಷಗಳ ಕಾಲ ವರ್ಷಕ್ಕೆ ಎರಡು ಸಾವಿರ. ಹೀಗೆ ಐದನೆಯ ವರ್ಷಕ್ಕೆ ಐವರು ವಿದ್ವಾಂಸರು ಒಂದೇ ಕಾಲದಲ್ಲಿ ವೇತನ ಪಡೆಯುವರು. ಒಬ್ಬನ ಅವಧಿ ಮುಗಿದಂತೆ ಇನ್ನೊಬ್ಬನು ಬರುವನು. ಮೂಲಧನವು ಹಾಗೆಯೇ ಉಳಿಯುವುದು. ಒಮ್ಮೆ ಹಚ್ಚಿದ ನಂದಾದೀಪಕ್ಕೆ ಎಣ್ಣೆಯ ವ್ಯವಸ್ಥೆಯನ್ನೂ ಮಾಡಿದಂತಾಯಿತು.

ಈ ಹಣದ ಬೆಲೆಯನ್ನು ತಿಳಿಯಬೇಕಾದರೆ ಅಂದಿನ ವಿದ್ಯಾರ್ಥಿಗಳ ಸ್ಥಿತಿಯನ್ನು ನೆನೆಯಬೇಕು. ಸರ್ಕಾರವು ಪರೀಕ್ಷೆಗಳಲ್ಲಿ ಮೇಲ್ತರಗತಿಯಲ್ಲಿ ತೇರ್ಗಡೆಯಾದ ಕೆಲವರಿಗೆ ತಿಂಗಳಿಗೆ ಹತ್ತರಿಂದ ಇಪ್ಪತ್ತೈದು ರೂಪಾಯಿಗಳ ವಿದ್ಯಾರ್ಥಿವೇತನವನ್ನು ಕೊಡುತ್ತಿದ್ದಿತು. ಅದು ಕಾಲೇಜಿನ ಓದು ಮುಗಿಸುವುದಕ್ಕೆ ಮಾತ್ರ. ವಿಲಾಯಿತಿಗೆ ಕಳುಹಿಸುವ ಸರ್ಕಾರಿ ವೇತನಗಳು ಬೆರಳೆಣಿಕೆಯವು. 1904ರಲ್ಲಿ ಕೈಗಾರಿಕಾ ಶಿಕ್ಷಣಕ್ಕೆಂದು ಸರ್ಕಾರವು ವರ್ಷಕ್ಕೆ 150 ಪೌಂಡುಗಳ ವೇತನಗಳನ್ನು ಏರ್ಪಡಿಸಿತಾದರೂ ಅವೂ ಕೆಲವರಿಗೆ ಮಾತ್ರ ಲಭ್ಯವಾದವು. ಪದವಿ ಪಡೆದ ಬಡ ಯುವಕನು ಕೂಡಲೇ ಗುಮಾಸ್ತಗಿರಿಯನ್ನೋ ವಕೀಲಿಯನ್ನೋ ಹುಡುಕಬೇಕಾಗುತ್ತಿತ್ತು. ಓದು ಮುಗಿದ ಮೇಲೆ ಸಂಶೋಧನೆ ಮಾಡಿಕೊಂಡಿರುವುದಕ್ಕೆ ಅನ್ನ ಯಾರು ಕೊಡುವರು? ಆ ಅನ್ನವನ್ನು ಕೊಟ್ಟುದೇ ಪ್ರೇಮಚಂದರ ದಾನದ ವೈಶಿಷ್ಟ್ಯ.

1868ರಿಂದ ಈ ವೇತನವನ್ನು ಕೊಡುವುದು ಆರಂಭವಾಯಿತು. ಮೊದಲು ಇದಕ್ಕಾಗಿ ಅತಿ ಕಠಿಣವಾದ ಪರೀಕ್ಷೆಯಿರುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಸಂಶೋಧನ ಪ್ರಬಂಧವೇ ಆಯ್ಕೆಗೆ ಆಧಾರವಾಯಿತು. ಇದನ್ನು ಪಡೆದವರು ತಮ್ಮ ಹೆಸರಿನ ಮುಂದೆ ಎಂ.ಎ. ಎಂಬುದರ ಜೊತೆಗೆ ಪಿ.ಆರ್.ಎಸ್. ಎಂಬ ಮೂರಕ್ಷರಗಳನ್ನು ಹೆಮ್ಮೆಯಿಂದ ಬರೆದುಕೊಳ್ಳುತ್ತಿದ್ದರು. ಪ್ರೇಮಚಂದ ರಾಯಚಂದ ಸ್ಕಾಲರ್ ಎಂಬುದೇ ಅದರ ಅರ್ಥ. ಸೂರತ್ತಿನ ಜೈನನೊಬ್ಬನ ಹೆಸರು ಹೀಗೆ ವಂಗದೇಶದ ಪಂಡಿತರ ಬಿರುದಾಯಿತು.

ವೇತನ ಪಡೆದ ಮಹನೀಯರು

ಆರಂಭದ ವರ್ಷಗಳಲ್ಲಿಯೇ ಈ ವೇತನವನ್ನು ಪಡೆದ ಆನಂದಮೋಹನ ಬೋಸರು ಆ ಹಣದ ನೆರವಿನಿಂದ 1870ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಕೇಂಬ್ರಿಜ್ಜಿನಲ್ಲಿ ಗಣಿತವನ್ನು ಓದಿ 1874ರಲ್ಲಿ ರ್‍ಯಾಂಗ್ಲರ್ ಪದವಿಯನ್ನು ಗಳಿಸಿದ ಮೊದಲ ಭಾರತೀಯರೆನಿಸಿದರು. ಮುಂದೆ 1898ರ ಕಾಂಗ್ರೆಸ್ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. 1886ರಲ್ಲಿ ಇದನ್ನು ಪಡೆದ ಆಶುತೋಷ ಮುಖರ್ಜಿಯವರು 1906ರಿಂದ ಎಂಟು ವರ್ಷಗಳ ಕಾಲ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ, ಪರೀಕ್ಷೆ ನಡೆಸುವ ಕಚೇರಿಯಂತಿದ್ದ ಆ ಸಂಸ್ಥೆಯನ್ನು ಬೋಧನೆ ಮತ್ತು ಸಂಶೋಧನೆಗಳ ಪೀಠವನ್ನಾಗಿ ಮಾರ್ಪಡಿಸಿದರು. 1897ರಲ್ಲಿ ಪಡೆದ ಜದುನಾಥ ಸರ್ಕಾರರು ಔರಂಗಜೇಬನ ಕಾಲದ ಭಾರತವನ್ನು ಕುರಿತ ತಮ್ಮ ಮೊದಲ ಗ್ರಂಥವನ್ನು 1901ರಲ್ಲಿ ಪ್ರಕಟಿಸಿ, ಇತಿಹಾಸಕಾರರಲ್ಲಿ ಅಗ್ರಗಣ್ಯರಾದರು. ಇತಿಹಾಸಜ್ಞ ರಮೇಶಚಂದ್ರ ಮಜುಮ್‌ದಾರರೂ ಭಾಷಾಶಾಸ್ತ್ರಜ್ಞ ಸುನೀತಿಕುಮಾರ ಚಟರ್ಜಿಯವರೂ ಈ ವೇತನವನ್ನು ಪಡೆದವರೇ. ಸುನೀತಿಕುಮಾರರಿಗೆ 1919ರಲ್ಲಿ ಸರ್ಕಾರದ ವಿದ್ಯಾರ್ಥಿವೇತನವೂ ದೊರೆತು ಅವರು ಲಂಡನ್ನಿಗೆ ತೆರಳಿದರು. ಖಾಸಗಿ ದಾನವು ಮೊದಲ ಮೆಟ್ಟಿಲಾದರೆ ಸರ್ಕಾರದ ನೆರವು ಎರಡನೆಯ ಮೆಟ್ಟಿಲಾಯಿತು.

1905ರಲ್ಲಿ ಈ ಗೌರವಕ್ಕೆ ಪಾತ್ರರಾದ ರಾಧಾಕುಮುದ ಮುಖರ್ಜಿಯವರು, 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ವರ್ಷಗಳಲ್ಲಿ ಅಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದರು. ಶ್ರವಣಬೆಳಗೊಳದ ಚಂದ್ರಗಿರಿಯೊಡನೆ ಹೆಸರು ಬೆಸೆದುಕೊಂಡಿರುವ ಚಂದ್ರಗುಪ್ತ ಮೌರ್ಯನನ್ನು ಕುರಿತು ಮುಂದೆ ಒಂದು ಪ್ರಸಿದ್ಧ ಗ್ರಂಥವನ್ನೂ ರಚಿಸಿದರು. ಹೀಗೆ ಕಲ್ಕತ್ತೆಯಲ್ಲಿ ಬಿತ್ತಿದ ಬೀಜದ ಫಲವು ಕನ್ನಡ ವಿದ್ಯಾರ್ಥಿಗಳ ಕೈಗೂ ಬಂದಿತು.

ಇವರೆಲ್ಲರಲ್ಲಿ ಮೇಘನಾದ ಸಾಹಾರವರ ಕಥೆಯು ವಿಶೇಷವಾಗಿ ಮನನೀಯವಾದುದು. ಢಾಕಾ ಬಳಿಯ ಒಂದು ಹಳ್ಳಿಯಲ್ಲಿ ಸಣ್ಣ ಅಂಗಡಿಯನ್ನಿಟ್ಟಿದ್ದ ಜಗನ್ನಾಥ ಸಾಹಾರವರ ಮಗನಾಗಿ ಅವರು 1893ರಲ್ಲಿ ಜನಿಸಿದರು. ಮಗನು ಅಂಗಡಿಯಲ್ಲಿ ಕುಳಿತರೆ ಸಾಕೆಂಬುದು ತಂದೆಯ ಎಣಿಕೆ. ಜಿಲ್ಲೆಗೇ ಮೊದಲಿಗನಾಗಿ ತೇರ್ಗಡೆಯಾದುದರಿಂದ ಬಾಲಕನಿಗೆ ತಿಂಗಳಿಗೆ ನಾಲ್ಕು ರೂಪಾಯಿಗಳ ಸರ್ಕಾರಿ ವಿದ್ಯಾರ್ಥಿವೇತನ ದೊರೆತು, ಢಾಕಾದ ಸರ್ಕಾರಿ ಶಾಲೆಯನ್ನು ಸೇರುವಂತಾಯಿತು. ಸೆಣಬಿನ ಕಾರ್ಖಾನೆಯಲ್ಲಿ ಇಪ್ಪತ್ತು ರೂಪಾಯಿ ಸಂಬಳಕ್ಕಿದ್ದ ಅಣ್ಣನು ಅದರಲ್ಲಿ ಐದನ್ನು ತಮ್ಮನಿಗೆ ಕಳುಹಿಸುತ್ತಿದ್ದನು. ವೈಶ್ಯ ಸಮಾಜದ ಸಂಘವೊಂದು ಎರಡು ರೂಪಾಯಿಗಳನ್ನು ಕೊಡುತ್ತಿದ್ದಿತು.

1905ರಲ್ಲಿ ವಂಗವಿಭಜನೆಯ ವಿರುದ್ಧ ಚಳವಳಿಯು ನಡೆದಾಗ, ಗವರ್ನರರು ಶಾಲೆಗೆ ಭೇಟಿಯಿತ್ತ ಸಮಯದಲ್ಲಿ ಪ್ರತಿಭಟಿಸಿದ ಬಾಲಕರಲ್ಲಿ ಸಾಹಾರವರೂ ಒಬ್ಬರೆಂದು ಸರ್ಕಾರವು ಅವರನ್ನು ಶಾಲೆಯಿಂದ ಹೊರಹಾಕಿ ವಿದ್ಯಾರ್ಥಿವೇತನವನ್ನು ಕಿತ್ತುಕೊಂಡಿತು. ಹನ್ನೆರಡು ವರ್ಷದ ಬಡ ಬಾಲಕನ ಓದು ಅಲ್ಲಿಗೇ ನಿಲ್ಲಬಹುದಾಗಿತ್ತು. ಒಂದು ಖಾಸಗಿ ಶಾಲೆಯು ಅವರನ್ನು ಸೇರಿಸಿಕೊಂಡು ಕಾಪಾಡಿತು. ಮುಂದೆ ಎಂ.ಎಸ್‌ಸಿ. ಪದವಿ ಪಡೆದ ಮೇಲೆಯೂ ರಾಜಕೀಯ ಸಂಶಯದಿಂದಾಗಿ ಸರ್ಕಾರದ ಹಣಕಾಸು ಇಲಾಖೆಯ ಪರೀಕ್ಷೆಗೆ ಕುಳಿತುಕೊಳ್ಳಲು ಅವರಿಗೆ ಅನುಮತಿ ಸಿಗಲಿಲ್ಲ.

ಸರ್ಕಾರದ ಬಾಗಿಲು ಎರಡು ಬಾರಿ ಮುಚ್ಚಿದ ಈ ಅಂಗಡಿಕಾರನ ಮಗನಿಗೆ 1919ರಲ್ಲಿ ಪ್ರೇಮಚಂದ ರಾಯಚಂದ ವೇತನವು ದೊರೆಯಿತು. ನಕ್ಷತ್ರಗಳ ಬೆಳಕಿನ ವರ್ಗೀಕರಣವನ್ನು ಕುರಿತ ಪ್ರಬಂಧಕ್ಕೆ ಆ ಪುರಸ್ಕಾರ. ಅದರೊಡನೆ ಗುರುಪ್ರಸನ್ನ ಘೋಷರ ಹೆಸರಿನ ಇನ್ನೊಂದು ದತ್ತಿಯ ನೆರವೂ ಸೇರಿ, ಅವರು ಯೂರೋಪಿಗೆ ಹೋಗಿ ಲಂಡನ್ ಮತ್ತು ಬರ್ಲಿನ್ನುಗಳ ಪ್ರಯೋಗಶಾಲೆಗಳಲ್ಲಿ ಎರಡು ವರ್ಷ ಕೆಲಸ ಮಾಡಿದರು. ಸೂರ್ಯನಲ್ಲಿಯೂ ನಕ್ಷತ್ರಗಳಲ್ಲಿಯೂ ಧಾತುಗಳು ಯಾವ ಉಷ್ಣದಲ್ಲಿ ಯಾವ ಸ್ಥಿತಿಯಲ್ಲಿರುತ್ತವೆ ಎಂಬುದನ್ನು ತಿಳಿಸುವ ಅವರ ಸಿದ್ಧಾಂತವು 1920ರಲ್ಲಿ ಪ್ರಕಟವಾಯಿತು. ನಕ್ಷತ್ರಗಳ ಉಷ್ಣತೆಯನ್ನು ಅಳೆಯಲು ಜಗತ್ತಿನ ವಿಜ್ಞಾನಿಗಳು ಇಂದಿಗೂ ಸಾಹಾ ಸಮೀಕರಣವನ್ನು ಆಶ್ರಯಿಸುತ್ತಾರೆ. 1927ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿತು.

ಸರ್ಕಾರದ ವೇತನವು ಆಳುವವರ ಅನುಗ್ರಹವನ್ನು ಅವಲಂಬಿಸಿದ್ದಿತು. ಕೊಟ್ಟ ಕೈಯೇ ಕಸಿದುಕೊಳ್ಳಬಹುದಾಗಿತ್ತು. ಪ್ರೇಮಚಂದರ ದಾನವಾದರೋ 1919ರಲ್ಲಿ ಯಾರ ಅನುಗ್ರಹವನ್ನೂ ಕೇಳುವಂತಿರಲಿಲ್ಲ. ದಾನಿಯು ತೀರಿಕೊಂಡು ಹದಿಮೂರು ವರ್ಷಗಳಾಗಿದ್ದವು. ವಿದ್ಯೆಯೊಂದನ್ನೇ ನೋಡಿ ಆರಿಸುವ ಆ ಏರ್ಪಾಡು ಪಡೆಯುವವನ ಮತವನ್ನಾಗಲಿ ಪ್ರಾಂತವನ್ನಾಗಲಿ ನೋಡಲಿಲ್ಲ.

ಕೊನೆಯ ದಿನಗಳು

ದಿವಾಳಿಯಾದ ಪ್ರೇಮಚಂದರು ಊರು ಬಿಟ್ಟು ಹೋಗಲಿಲ್ಲ. ತಮ್ಮನ್ನು ದೊರೆಯೆಂದು ಕೊಂಡಾಡಿದ್ದ, ಆಮೇಲೆ ಶಪಿಸಿದ ಅದೇ ಮುಂಬಯಿಯಲ್ಲಿ ನಿಂತು ಮತ್ತೆ ದಲ್ಲಾಳಿ ವೃತ್ತಿಯನ್ನು ಕೈಗೊಂಡರು. 1875ರಲ್ಲಿ ದೇಶೀಯ ದಲ್ಲಾಳಿಗಳು ಒಂದುಗೂಡಿ ತಮ್ಮ ಸಂಘವನ್ನು ಕಟ್ಟಿಕೊಂಡಾಗ ಅದರ ಸ್ಥಾಪಕರಲ್ಲಿ ಅವರೂ ಒಬ್ಬರಾಗಿದ್ದರು. ಒಂದು ರೂಪಾಯಿ ಪ್ರವೇಶಧನವನ್ನಿತ್ತು 318 ಮಂದಿ ಸೇರಿದ ಆ ಸಂಘವೇ ಇಂದಿನ ಮುಂಬಯಿ ಷೇರು ವಿನಿಮಯ ಕೇಂದ್ರ. ಮಿತಿಯಿಲ್ಲದ ವ್ಯವಹಾರದಿಂದ ನೊಂದ ಊರಿಗೆ ನಿಯಮದ ಚೌಕಟ್ಟೊಂದು ಹೀಗೆ ಏರ್ಪಟ್ಟಿತು.

ಹಿಂದಿನ ಐಶ್ವರ್ಯವು ಮರಳಿ ಬರಲಿಲ್ಲವಾದರೂ ದಾನಬುದ್ಧಿಯು ಅವರನ್ನು ಬಿಡಲಿಲ್ಲ. ಗುಜರಾತಿನ ಹಲವು ಊರುಗಳ ಶಾಲೆಗಳಲ್ಲಿ, ಧರ್ಮಶಾಲೆಗಳಲ್ಲಿ ಅವರ ಹೆಸರೂ ಅವರ ತಂದೆಯ ಹೆಸರೂ ನಿಂತವು. ಅಹಮದಾಬಾದಿನ ಉಪಾಧ್ಯಾಯರ ತರಬೇತಿ ಕಾಲೇಜು ಅವರ ಹೆಸರನ್ನು ಹೊತ್ತಿದೆ. 1906ರ ಆಗಸ್ಟ್ 31ರಂದು, ತಮ್ಮ ಎಪ್ಪತ್ತೈದನೆಯ ವಯಸ್ಸಿನಲ್ಲಿ ಪ್ರೇಮಚಂದರು ದೇಹವನ್ನು ತ್ಯಜಿಸಿದರು.

ಅವರ ಜೀವನದ ಖಾತೆಯನ್ನು ತೆರೆದು ನೋಡಿದರೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. 1864ರಲ್ಲಿ ಅವರು ತಮ್ಮದೆಂದು ಇಟ್ಟುಕೊಂಡ ಕೋಟಿಗಳಲ್ಲಿ ಒಂದು ಕಾಸೂ ಎರಡು ವರ್ಷಗಳ ಕಾಲ ನಿಲ್ಲಲಿಲ್ಲ. ಬ್ಯಾಕ್‌ಬೇ ಷೇರುಗಳು ರದ್ದಿಯ ಕಾಗದಗಳಾದವು, ಬ್ಯಾಂಕುಗಳು ಮುಚ್ಚಿದವು. ತಮ್ಮದಲ್ಲವೆಂದು ಬಿಟ್ಟುಕೊಟ್ಟ ಆರು ಲಕ್ಷ ರೂಪಾಯಿ ಮಾತ್ರ ಉಳಿಯಿತು. ಅದರಲ್ಲಿ ನಾಲ್ಕು ಲಕ್ಷವು ಮುಂಬಯಿಯಲ್ಲಿ ಕಲ್ಲಾಗಿ ನಿಂತಿತು. ಎರಡು ಲಕ್ಷವು ಕಲ್ಕತ್ತೆಯಲ್ಲಿ ವಿದ್ವಾಂಸರಾಗಿ ಬೆಳೆಯಿತು. ರಾಜಾಬಾಯಿ ಗೋಪುರವನ್ನು ಒಳಗೊಂಡ ಮುಂಬಯಿಯ ಕಟ್ಟಡಗಳ ಸಮೂಹಕ್ಕೆ 2018ರಲ್ಲಿ ವಿಶ್ವ ಪರಂಪರೆಯ ಸ್ಥಾನವೂ ದೊರೆಯಿತು.

ಬಸದಿಯ ಪ್ರತಿಷ್ಠಾ ಮಹೋತ್ಸವವು ಶ್ರಾವಕರ ಕೈಯಿಂದ ಉದಾರವಾಗಿ ದಾನವು ಹರಿಯುವ ಪುಣ್ಯಕಾಲ. ಗರ್ಭಗೃಹದ ಕಲ್ಲಿಗೂ ಮಾನಸ್ತಂಭಕ್ಕೂ ಹಣವನ್ನಿತ್ತವರ ಹೆಸರುಗಳು ಶಿಲೆಯ ಮೇಲೆ ಉಳಿಯುವುವು. ಅದೇ ಹೊತ್ತಿನಲ್ಲಿ, ಊರಿನ ಯಾವುದೋ ಮನೆಯಲ್ಲಿ ಓದುವ ಹಂಬಲವಿದ್ದೂ ಶುಲ್ಕವಿಲ್ಲದೆ ಅಂಗಡಿಯ ಗದ್ದುಗೆಯ ಮೇಲೆ ಕುಳಿತ ಬಾಲಕನಿಗೂ ಬಾಲಕಿಗೂ ಒಂದು ಪಾಲನ್ನು ತೆಗೆದಿಟ್ಟರೆ ಅದು ಶಾಸ್ತ್ರದಾನವೇ ಸರಿ. ಮೊತ್ತವು ಚಿಕ್ಕದಾದರೂ ಚಿಂತೆಯಿಲ್ಲ. ಸಾಹಾರವರ ಓದಿನಲ್ಲಿ ವೈಶ್ಯ ಸಂಘದ ಎರಡು ರೂಪಾಯಿಗಳಿಗೂ ಪಾಲಿದೆ. ನ್ಯಾಯದಿಂದ ಗಳಿಸುವುದು, ಮಿತಿಯಲ್ಲಿ ಇಟ್ಟುಕೊಳ್ಳುವುದು, ಕೈಯಲ್ಲಿ ಇರುವಾಗಲೇ ಕೊಡುವುದು: ಶೇಠ್ ಪ್ರೇಮಚಂದ ರಾಯಚಂದರ ಏಳಿಗೆಯೂ ಪತನವೂ ಶ್ರಾವಕರಿಗೆ ಕಲಿಸುವ ಪಾಠ ಇಷ್ಟೇ.